ಉಗುಳಿದರೆ ಒಳಗೆ

ಊರಿನ ಬಾಗಿಲುಗಳೆಲ್ಲ ಉಗುಳಿಗೆ ತೆರೆಯತೊಡಗಿದ ಮೇಲೆ ಕೀಲಿಕೈ ಕಳೆಯುವ ಚಿಂತೆ ಯಾರಿಗೂ ಇಲ್ಲ. ಬಾಯಿ ಒಣಗಿದ ಮುದುಕರಿಗೆ ಮಾತ್ರ ಸ್ವಲ್ಪ ತೊಂದರೆ. ಅವರಿಗೆಂದೇ ಸರ್ಕಾರ ಒಣಬಾಯಿ ಆಸ್ಪತ್ರೆ ಕಟ್ಟಿಸಿದೆ. ಅದರ ಬಾಗಿಲೂ ಉಗುಳಿಗೇ ತೆರೆಯುತ್ತದೆ. ನಿಯಮ ಎಲ್ಲರಿಗೂ ಒಂದೇ.

ಮುದುಕಿ ಬಸಲಿಂಗವ್ವ ಆ ಆಸ್ಪತ್ರೆಯ ಬಾಗಿಲಿಗೆ ಜೋಡಿಸಿದ್ದ ಉಗುಳು ಬಟ್ಟಲಿಗೆ ಮತ್ತೆ ಬಾಯಿ ಒಡ್ಡಿದಳು. ಬರೀ ಗಾಳಿ ಬಂತು. ಬಿ.ಪಿ. ಗುಳಿಗೆ, ನಿದ್ದೆ ಗುಳಿಗೆ ಸೇರಿ ಅವಳ ಬಾಯನ್ನು ಕಾದ ಹಂಚು ಮಾಡಿದ್ದವು. ರೊಟ್ಟಿ ಗಂಟಲಿಗಿಳಿಯದೆ ಮೈ ಸೊರಗಿತ್ತು, ಹಲ್ಲು ಹುಳುಕಾಗಿ ಉದುರುತ್ತಿದ್ದವು.

"ಜರಾ ಜೋರ್ ಉಗುಳ್ರೀ ಅಮ್ಮಾರ," ಎಂದ ಕಾವಲುಗಾರ ದಾವಲಸಾಬ.

"ಉಗುಳು ಇದ್ದಿದ್ರ ಇಲ್ಲಿಗ್ಯಾಕ ಬರ್ತಿದ್ನೋ ಯಪ್ಪಾ? ನೀನರ ಉಗುಳಿ ತೆಗಿ."

"ಇನ್ನೊಬ್ಬರ ಸಲುವಾಗಿ ನಾ ಉಗುಳಿದ್ರ ಕಳ್ಳ ಉಗುಳು ಅಂತಾರ್ರಿ. ಹ್ವಾದ ಸಲ ಹಂಗ ಆಗಿ ವಾರಗಟ್ಟಲೆ ಪಗಾರ ಹಿಡದ್ರು."

ಬಸಲಿಂಗವ್ವನ ಪಿತ್ತ ನೆತ್ತಿಗೇರಿತು. "ಥೂ! ನಿಮ್ಮ ಬಾಗಲಕ್ಕಿಷ್ಟು ಬೆಂಕಿ ಹಾಕ!" ಎಂದು ಬಾಗಿಲಿಗೆ ಮುಖ ಕೊಟ್ಟು ಉಗಿದಳು. ಆ ಥೂವಿನಲ್ಲಿ, ಎಲ್ಲಿ ಅಡಗಿತ್ತೋ ಏನೋ, ಒಂದು ಹನಿ ಹಾರಿ ಬಟ್ಟಲಿಗೆ ಬಿತ್ತು.

ಹಸಿರು ದೀಪ ಹತ್ತಿತು. ದಾವಲಸಾಬ ಚಪ್ಪಾಳೆ ತಟ್ಟಿದ. ಬಾಗಿಲು ಜೇನಿನಂಥ ದನಿಯಲ್ಲಿ ನುಡಿಯಿತು: "ಅಭಿನಂದನೆಗಳು ಬಸಲಿಂಗವ್ವನವರೇ, ನಿಮ್ಮ ಬಾಯಲ್ಲಿ ಉಗುಳು ಇದೆ. ಈ ಆಸ್ಪತ್ರೆ ಬಾಯಿ ಒಣಗಿದವರಿಗೆ ಮಾತ್ರ. ಸುಖವಾಗಿ ಮನೆಗೆ ಹೋಗಿ."

ಆ ಒಂದು ಹನಿಯನ್ನು ಮನೆಯ ಬಾಗಿಲಿಗೆ ಉಳಿಸಿಕೊಳ್ಳಬೇಕಿತ್ತೆಂದು ಬಸಲಿಂಗವ್ವನಿಗೆ ಹೊಳೆದದ್ದು ಮನೆ ಮುಟ್ಟಿದ ಮೇಲೆಯೇ.