ಎರಡನೇ ಬಟನ್

ಕಾರು ಕೊಳ್ಳಲು ಬಂದಿದ್ದ ಯುವಕ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, "ಏನ್ ಜಾಗ ಸಾರ್, ಒಳ್ಳೆ ಛತ್ರ ಇದ್ದ ಹಾಗಿದೆ!" ಎಂದ.

ಯಜಮಾನರು ಶೆಡ್ಡಿನಲ್ಲಿ ಶತಪಥ ತುಳಿಯುತ್ತಿದ್ದರು. ಆಸೆಪಟ್ಟು ತಂದ ಕಾರು. ಚರ್ಮದ ಸೀಟು, ಅದರೊಳಗಿಂದಲೇ ತಣ್ಣನೆ ಗಾಳಿ, ಹಿಂದಿನ ಗಾಜಿಗೆ ಪರದೆ. ಕಣ್ಣು ಮಂಜಾದ ಮೇಲೆ ಡಾಕ್ಟರು ಸ್ಟಿಯರಿಂಗ್ ಮುಟ್ಟಲೇಬಾರದು ಎಂದುಬಿಟ್ಟಿದ್ದರು.

"ಒಂದು ವರ್ಷದಿಂದ ನಿಂತಲ್ಲೇ ನಿಂತಿದೆಯಪ್ಪ."

"ಆದ್ರೂ ಬ್ಯಾಟರಿ ಗಟ್ಟಿಮುಟ್ಟಾಗಿದೆಯಲ್ಲ! ಮೇಡಂ ಓಡಿಸಲ್ವಾ?"

"ಇವಳಾ? ಪಕ್ಕದಲ್ಲಿ ಕೂತ್ರೂ ಕಣ್ಮುಚ್ಕೊಂಡು ದೇವರನಾಮ ಹೇಳೋಳು."

ಅವರ ಭುಜದ ಮಟ್ಟಕ್ಕೂ ಬಾರದ ಹೆಂಡತಿ ಕಾಫಿ ಹಿಡಿದು ನಿಂತಿದ್ದರು. "ಮಾರ್ಲೇಬೇಕೇನ್ರೀ?" ಎಂದು ಬೆಳಗಿನಿಂದ ಕೇಳಿದ್ದನ್ನೇ ಮತ್ತೆ ಕೇಳಿದರು.

"ಓಡಿಸೋರಿಲ್ದೆ ಇಟ್ಕೊಂಡು ಪೂಜೆ ಮಾಡ್ತೀಯಾ?"

ಯುವಕ ಮುಂದೆ ಬಂದು ಸ್ಟಿಯರಿಂಗ್ ಹಿಂದೆ ಕೂತ. "ಓಡಿಸೋರ ಅಳತೆ ಒಂದ್ಸಲ ತುಂಬಿಸಿಟ್ರೆ, ಬಟನ್ ಒತ್ತಿದಾಗ ಸೀಟು ತಾನಾಗೇ ಹೊಂದ್ಕೊಳ್ಳುತ್ತೆ ಅಲ್ವಾ ಸಾರ್?" ಎನ್ನುತ್ತಾ ಒಂದನೇ ಬಟನ್ ಒತ್ತಿದ. ಸೀಟು ಆರಡಿ ಎತ್ತರದ ಯಜಮಾನರ ಅಳತೆಗೆ ಹಿಂದೆ ಸರಿಯಿತು.

"ಎರಡನೇದು ಯಾರ್ದು?"

"ಅದು ಖಾಲಿ. ಓಡಿಸ್ತಿದ್ದದ್ದು ನಾನೊಬ್ನೇ."

ಅವನು ಒತ್ತಿಯೇಬಿಟ್ಟ. ಸೀಟು ಗುಂಯ್‌ಗುಟ್ಟುತ್ತಾ ಮುಂದೆ, ಇನ್ನೂ ಮುಂದೆ ಜರುಗಿ, ಮೇಲೆದ್ದು ನಿಂತಿತು. ಯುವಕನ ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು.

ಯಜಮಾನರು ತಿರುಗಿ ನೋಡಿದರು. ಹೆಂಡತಿ ಕಾಫಿ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನೀನು ಇಳಿಯಪ್ಪ. ರೀ, ಆ ಕಡೆ ಹೋಗಿ ಕೂತ್ಕೊಂಡು ಬೆಲ್ಟ್ ಹಾಕ್ಕೊಳ್ಳಿ."