ಮೊನೆ

ಸೈನಿಕರ ಚರ್ಮಕ್ಕೆ ಗುಂಡು ತೂರದಂತೆ ಮದ್ದು ಕೊಡುವುದು ರೂಢಿಯಾದ ಮೇಲೆ ಯುದ್ಧಗಳೇ ನಿಂತುಹೋಗಿದ್ದವು. ಆ ಚರ್ಮವನ್ನೂ ಸೀಳುವ ಮೊನೆ ಹುಡುಕುವುದು ಸೇನೆಯ ಸಂಶೋಧಕಿ ವಾರಿಜಾಳ ಕೆಲಸ. ಮೊನೆ ಸಿಕ್ಕಿತ್ತು, ಆದರೆ ಮತ್ತೆ ಹೆಣ ಬೀಳುತ್ತವೆಂದು ಅವಳು ಬಾಯಿ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಸೇನಾ ಆಸ್ಪತ್ರೆಯ ಡಾಕ್ಟರ್ ಪೊನ್ನಪ್ಪ ಫೋನ್ ಮಾಡಿದರು. “ಮೇಡಂ, ಸಿಪಾಯಿಯೊಬ್ಬನ ಅಪೆಂಡಿಕ್ಸ್ ಒಡೆಯುವ ಹಾಗಿದೆ. ನಮ್ಮ ಚಾಕು ಇಳಿಯುತ್ತಲೇ ಇಲ್ಲ. ನಿಮ್ಮ ಹುಡುಕಾಟದಲ್ಲಿ ಏನಾದರೂ ಸಿಕ್ಕಿದೆಯೇ?”

ವಾರಿಜಾ ತಡಮಾಡದೆ ಮೊನೆಯನ್ನು ಒಯ್ದು ಕೊಟ್ಟಳು. ಹೊಟ್ಟೆಯ ಮೇಲೆ ರಕ್ತ ಜಿನುಗಿದಾಗ, ಸೈನಿಕನ ರಕ್ತವನ್ನು ಎಂದೂ ಕಂಡಿರದ ನರ್ಸ್ ಬೆಚ್ಚಿ ಹಿಂದೆ ಸರಿದಳು. ಸಿಪಾಯಿ ಉಳಿದ.

ಸುದ್ದಿ ತಿಳಿದು ಕರ್ನಲ್ ಸಿಪಾಯಿಯ ಹಾಸಿಗೆಯ ಬಳಿಗೇ ಬಂದರು. “ಇದು ಇನ್ನು ಗುಟ್ಟಾಗಿ ಉಳಿಯಲ್ಲಮ್ಮ. ಯುದ್ಧವಾದರೆ ಮೊದಲು ಹೋಗುವುದು ಇವನ ತುಕಡಿಯೇ.”

“ಗೊತ್ತು, ಸರ್,” ಎಂದಳು ವಾರಿಜಾ. “ಆದರೆ ಇವನು ಸಾಯುತ್ತಿದ್ದುದು ಇವತ್ತು.”