ಕ್ಯಾಮೆರಾಕ್ಕೆ ಅಂಟಿಸಿದ ಬ್ಯಾಂಡೇಡ್

ಜಡೆ ಹಿಡಿದು ತಮ್ಮ ಎಳೆದ ರಭಸಕ್ಕೆ ಅಕ್ಕನ ಹಣೆ ಮೇಜಿನ ಅಂಚಿಗೆ ಬಡಿದು, ರಕ್ತ ಲ್ಯಾಪ್‌ಟಾಪಿನ ಮೇಲೆ ತೊಟ್ಟಿಕ್ಕಿತು. ತೆರೆಯ ಮೇಲೆ ಮೇಷ್ಟ್ರು ಮಾದಕ ವಸ್ತುಗಳ ಕೆಡುಕಿನ ಬಗ್ಗೆ ತಮ್ಮ ಪಾಡಿಗೆ ಆನ್‌ಲೈನ್ ಪಾಠ ಮಾಡುತ್ತಿದ್ದರು. ಈ ಪಾಠಗಳ ಸರಣಿ ಮುಗಿಸದಿದ್ದರೆ ಕಾಲೇಜಿನವರು ತಮ್ಮನನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಅದಕ್ಕೇ ಮೊದಲ ದಿನದಿಂದಲೂ ಅವನ ಹೆಸರಿನಲ್ಲಿ ಕೂತವಳು ಇವಳು. ಗುಟ್ಟು ರಟ್ಟಾಗದಿರಲೆಂದು ಕ್ಯಾಮೆರಾಕ್ಕೆ ಬ್ಯಾಂಡೇಡ್ ಅಂಟಿಸಿದ್ದಳು. ಹಿಂದೊಮ್ಮೆ ಅವನು ಹೊಡೆದಾಗ ತಂದ ಪೊಟ್ಟಣದಲ್ಲಿ ಉಳಿದದ್ದು.

"ನನ್ನ ಪುಡಿ ಎಲ್ಲಿಟ್ಟಿದ್ದೀಯ? ಬೊಗಳೇ!"

"ಕಕ್ಕಸಿಗೆ ಸುರಿದು ನೀರು ಬಿಟ್ಟೆ ಕಣೋ."

ಅವನ ಎರಡೂ ಕೈ ಅವಳ ಕುತ್ತಿಗೆಗೆ ಬಿದ್ದವು. ಅತ್ತ ಮೇಷ್ಟ್ರು ಅವನದೇ ಹೆಸರು ಕರೆದು, "ಎಲ್ಲಾ ಉತ್ತರಾನೂ ಸರಿಯಾಗಿ ಬರೀತೀಯ, ಶಭಾಷ್! ಮುಖ ಮಾತ್ರ ಯಾಕಪ್ಪಾ ತೋರಿಸಲ್ಲ?" ಎಂದು ನಕ್ಕರು.

ಅವಳಿಗೆ ಕಣ್ಣು ಕತ್ತಲೆ ಬಂತು. ತಡಕಾಡಿದ ಕೈ ಬ್ಯಾಂಡೇಡನ್ನು ಉಗುರಿನಿಂದ ಕಿತ್ತೆಸೆಯಿತು. ಮೇಷ್ಟ್ರ ನಗು ಅಲ್ಲಿಗೇ ನಿಂತಿತು. ತೆರೆಯ ತುಂಬ ಸಹಪಾಠಿಗಳ ಮುಖಗಳು. ಅವುಗಳ ನಡುವೆ, ತನ್ನ ಹೆಸರಿನ ಚೌಕದಲ್ಲಿ, ಹೆಣ್ಣೊಬ್ಬಳ ಕತ್ತು ಹಿಸುಕುತ್ತಿದ್ದವನನ್ನು ತಮ್ಮ ಕಂಡ. ಹಿಡಿತ ಸಡಿಲವಾಯಿತು.

ಅಕ್ಕ ಮೈಕ್ ಆನ್ ಮಾಡಿ, ಕೆಮ್ಮುತ್ತಲೇ ಹೇಳಿದಳು: "ಇವನೇ ಸರ್. ಕ್ಲಾಸಿಗೆ ಇವತ್ತೇ ಬಂದಿರೋದು."